ಮಡಿಲಲ್ಲಿ ಕಲ್ಲಿಟ್ಟುಕೊಂಡು ಆಟ ನೋಡುವ ಊರು

ನಮ್ಮೂರಿನಲ್ಲಿ ಕಲ್ಲಿಲ್ಲದೆ ಆಟ ನೋಡಲು ಬರುವಂತಿಲ್ಲ.

ಬೇರೆ ಊರಿನವರು ಆಟಕ್ಕೆ ಹೋಗುವಾಗ ಚಾಪೆ ಒಯ್ಯುತ್ತಾರಂತೆ, ಹುರಿಗಡಲೆ ಒಯ್ಯುತ್ತಾರಂತೆ. ನಮ್ಮವರು ಕಲ್ಲು ತರುತ್ತಾರೆ. ಒಬ್ಬರಿಗೆ ಒಂದು. ಮುಷ್ಟಿ ತುಂಬುವಷ್ಟು ದಪ್ಪ, ರಂಗ ಮುಟ್ಟುವಷ್ಟು ಹಗುರ. ಕೂತ ಮೇಲೆ ಅದನ್ನು ಮಡಿಲಲ್ಲಿಟ್ಟು ಎರಡೂ ಕೈ ಅದರ ಮೇಲಿಡಬೇಕು, ಮಲಗಿದ ಬೆಕ್ಕಿನ ಮೇಲೆ ಇಟ್ಟ ಹಾಗೆ. ರಂಗದ ಮೇಲೆ ಮಾತು ನಿಂತಿತೋ, ಆಟ ನಡೆಸುವ ತಾಳದಯ್ಯ ತಾಳ ಕುಟ್ಟುತ್ತಾನೆ. ಠಣ್. ಠಣ್. ಠಣ್. ಮೂರನೆಯದರೊಳಗೆ ಮಾತು ಮತ್ತೆ ಹೊರಟರೆ ಸರಿ. ಹೊರಡದಿದ್ದರೆ, ಯಾರು ಮಾತಾಡಬೇಕಿತ್ತೋ ಅವರ ಮೇಲೆ ಮೊದಲು ಎಡಗಡೆ ಕೂತವರು ಎಸೆಯುತ್ತಾರೆ. ತಾಳದಯ್ಯ ಮತ್ತೆ ಮೂರು ಕುಟ್ಟುತ್ತಾನೆ. ಆಗಲೂ ಮಾತು ಬರದಿದ್ದರೆ ಬಲಗಡೆಯವರು. ಬಲಗಡೆಯವರ ಸರದಿ ಮುಗಿದ ಮೇಲೆ ಮಾತಾಡಿದವರನ್ನು ನಾನಂತೂ ನೋಡಿಲ್ಲ.

ಮಾತು ನಿಂತರೆ ಕಲ್ಲು. ನಮ್ಮೂರಿನ ಕಾನೂನು ಇಷ್ಟೇ. ಇದನ್ನೆಲ್ಲ ನಾನು ಬಾಯಲ್ಲೇ ಹೇಳಿಬಿಡುತ್ತಿದ್ದೆ, ಚೆನ್ನಾಗಿಯೇ ಹೇಳುತ್ತಿದ್ದೆ. ದವಡೆ ಸರಿಯಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದವಡೆ ಯಾಕೆ ಸರಿಯಿಲ್ಲ ಎಂಬುದೇ ಕಥೆ.

ಎಲ್ಲಕ್ಕೂ ಮೂಲ ಆಕಾಶದ ಮೊಳೆ. ನಮ್ಮೂರಿನ ಆಕಾಶ ಒಂದೇ ಒಂದು ಮೊಳೆಯ ಮೇಲೆ ನಿಂತಿದೆ. ಹನ್ನೆರಡು ವರ್ಷಕ್ಕೊಮ್ಮೆ ಮೊಳೆ ಸಡಿಲವಾಗುತ್ತದೆ, ಆಕಾಶ ಜೋಲುತ್ತದೆ. ಆಗ ಕಾಗೆಗಳು ಮನೆಯ ಮಾಡಿಗಿಂತ ಮೇಲೆ ಹಾರಲಾರವು. ಒಲೆಯ ಹೊಗೆ ಅಡುಗೆಮನೆ ಬಿಟ್ಟು ಹೊರಡುವುದಿಲ್ಲ. ಉದ್ದ ಇರುವವರಿಗೆ ಬೆಳಗಾದರೆ ನೆತ್ತಿನೋವು. ಆಗ ಯಾರಾದರೂ ಒಬ್ಬರು ಕಬ್ಬಿಣದ ಹಂಡೆಯಲ್ಲಿ ಕೂತು, ತಳಕ್ಕೆ ಮದ್ದಿನ ಬೆಂಕಿ ಹಚ್ಚಿಸಿಕೊಂಡು, ಮೇಲೆ ಹೋಗಿ, ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದು ಬರಬೇಕು.

ಮೊದಲ ಸಲ ಊರಿನವರು ಕುಸ್ತಿಯವನನ್ನು ಕಳಿಸಿದರಂತೆ. ಅವನಿಗೆ ತೋಳಿತ್ತು, ತೊಡೆಯಿತ್ತು. ಮೇಲೆ ಹೋದವನು ಒಮ್ಮೆ ಕೆಳಗೆ ನೋಡಿದ, ಸುತ್ತಿಗೆ ಕೈಬಿಟ್ಟ. ಸುತ್ತಿಗೆ ಸಂತೆಯ ಮೇಲೆ ಬಿದ್ದು ಏಳು ಜನ ಅಪ್ಪಚ್ಚಿಯಾದರು. ಎರಡನೇ ಸಲ ಪಂಡಿತನನ್ನು ಕಳಿಸಿದರು. ಅವನು ಮೊಳೆ ಎಷ್ಟು ಹಳೆಯದು ಎಂದು ಯೋಚಿಸುತ್ತಾ ಅಲ್ಲೇ ಕೂತ, ಇನ್ನೂ ಕೂತಿರಬಹುದು. ಆಮೇಲೆ ಹಿರಿಯರು ಸೇರಿ ಕೇಳಿಕೊಂಡರಂತೆ: ಊರೆಲ್ಲ ನೋಡುತ್ತಿರುವಾಗ ಮಣಭಾರದ ಬಟ್ಟೆ ತೊಟ್ಟು, ಮೂಗು ಕೆರೆದುಕೊಳ್ಳದೆ, ಉಚ್ಚೆ ಬಂದರೂ ತಡೆದುಕೊಂಡು, ನಿಲ್ಲಬೇಕಾದ ಗುರುತಿನ ಮೇಲೆಯೇ ನಿಂತು, ಹೇಳಬೇಕಾದ್ದನ್ನೇ ಹೇಳಿ, ಬೆನ್ನ ಹಿಂದೆ ಪರದೆ ಹತ್ತಿ ಉರಿಯುತ್ತಿದ್ದರೂ ಮುಂದೆ ನಗುತ್ತಿರುವವರು ಯಾರು?

ಆಟದವರು, ಇನ್ಯಾರು.

ಅಂದಿನಿಂದ ಮೇಲೆ ಹೋಗುವವರು ಆಟದವರೇ. ಆಟವೂ ಒಂದೇ. ಆಡುವವರು ಗಂಡಸಾದರೆ ರಾಜ, ಹೆಂಗಸಾದರೆ ರಾಣಿ. ಮೊದಲನೇ ಅಂಕದಲ್ಲಿ ಸಿಂಹಾಸನ ಏರುವುದು. ಎರಡನೇ ಅಂಕದಲ್ಲಿ ರಾಕ್ಷಸನ ಹಣೆಗೆ ಸುತ್ತಿಗೆಯಿಂದ ಮೂರು ಪೆಟ್ಟು. ಮೂರನೇ ಅಂಕದಲ್ಲಿ ಸಿಂಹಾಸನ ಇಳಿಯುವುದು. ಏಳು ಮಧ್ಯಾಹ್ನ ಇದನ್ನು ಕಲ್ಲುಗಳ ಎದುರು ಆಡಿ ಬದುಕಿದವರು ಎಂಟನೇ ಮಧ್ಯಾಹ್ನ ಹಂಡೆ ಹತ್ತುತ್ತಾರೆ. ಮೇಲೆಯೂ ಅದೇ ಆಟ, ಅದೇ ಮಾತು. ಹಂಡೆಯೇ ಸಿಂಹಾಸನ, ಮೊಳೆಯೇ ರಾಕ್ಷಸ. ಇಳಿಯುವುದು ಮಾತ್ರ ಇಳಿಯುವುದೇ. ಮೇಲಿನವರು ಆಡಿದ ಮಾತು ಜಾರಿ ಬಂದು ಬೀಳಲಿ ಎಂದು ಬಯಲಿನಲ್ಲಿ ಗುಡಿಸಲಿನಷ್ಟು ದೊಡ್ಡ ಕಂಚಿನ ಕೊಂಬೊಂದಿದೆ, ಬಾಯಿ ಆಕಾಶದ ಕಡೆಗೆ. ಊರೆಲ್ಲ ಅದರ ಸುತ್ತ ಕೂತು ಕೇಳುತ್ತದೆ. ಮಡಿಲಲ್ಲಿ ಕಲ್ಲಿಟ್ಟುಕೊಂಡೇ.

ನಾನು ಕೋಡಂಗಿ. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದೆ, ಆಮೇಲೆ ಮೇಷ್ಟ್ರ ಕುರ್ಚಿಗೆ ಹಲಸಿನ ಮೇಣ ಬಳಿದೆ. ಮೇಷ್ಟ್ರು ಕುರ್ಚಿಯ ಜೊತೆಗೇ ಮನೆಗೆ ಹೋದರು, ನಾನು ಪಾಟಿಚೀಲದ ಜೊತೆಗೆ. ಮಾರನೇ ದಿನ ತಾಳದಯ್ಯನೇ ಮನೆಗೆ ಬಂದು ನನಗೆ ಗಂಟೆಯ ಟೋಪಿ ಹಾಕಿದ. ಈಗ ನನಗೆ ಹದಿನಾರು ವರ್ಷ, ಎರಡು ಕೆಲಸ. ಒಂದು, ಪ್ರತಿ ಅಂಕದ ಮೊದಲಲ್ಲೂ ಆಟದ ಕೊನೆಯಲ್ಲೂ ರಾಜನೋ ರಾಣಿಯೋ "ಯಾರಲ್ಲಿ?" ಎಂದು ಕೂಗಿದಾಗ "ಇಲ್ಲೇ ಇದ್ದೇನೆ, ನಿಮ್ಮ ಕತ್ತೆ" ಎನ್ನುವುದು. ಜನ ನಗುತ್ತಾರೆ. ನೂರು ವರ್ಷದಿಂದ ಅದೇ ಮಾತು, ನೂರು ವರ್ಷದಿಂದ ಅದೇ ನಗು. ಎರಡನೆಯದು, ವಿಘ್ನ. ಆಟದವರು ಎಲ್ಲಿ ತಪ್ಪುತ್ತಾರೋ ಅಲ್ಲಿ ಕೈ ಹಾಕುವುದು. ಮೇಲೆ ಏನೇನು ಕೆಡಬಹುದೋ ಅದೆಲ್ಲ ಮೊದಲು ಕೆಳಗೆ ಕೆಡಬೇಕು ಎಂದು ತಾಳದಯ್ಯ ಹೇಳುತ್ತಾನೆ.

ಈ ಸಲ ಮೊದಲು ನಿಂತವನು ರಾಜವೇಷದವನು. ದೊಡ್ಡ ಗಂಟಲು, ದೊಡ್ಡ ಮೀಸೆ. ಅವನ ಇಜಾರದೊಳಗೆ ಕೆಂಜಿಗದ ಇರುವೆ ಬಿಟ್ಟೆ. ಕುಣಿದ, ಮಾತು ಬಿಡಲಿಲ್ಲ. ಅವನ ಕತ್ತಿಯನ್ನು ಒರೆಗೆ ಅಂಟಿಸಿದೆ. ಒರೆಯಿಂದಲೇ ಬಡಿದಾಡಿದ. ಐದು ಮಧ್ಯಾಹ್ನ ಹೀಗೇ ಹೋಯಿತು. ಆರನೆಯ ದಿನ ಅವನ ಕಿರೀಟದ ಅಂಚಿಗೆ ಹಲ್ಲಿಯ ಬಾಲ ಸಿಕ್ಕಿಸಿದ್ದೆ, ಆಗ ತಾನೇ ಕಡಿದದ್ದು. ಅದು ಅವನ ಮೂಗಿನ ಮೇಲೆ ಬಿದ್ದು ಕುಣಿಯಿತು. ಅವನು ಅದನ್ನೇ ನೋಡಿದ. ಅಷ್ಟೇ. ನೋಡುತ್ತಾ ನಿಂತ. ಠಣ್. ಠಣ್. ಠಣ್.

ಎಡಗಡೆಯ ಕಲ್ಲುಗಳು ಮೊಣಕಾಲು ಮುರಿದವು. ಕೂತಲ್ಲಿಂದಲೇ ಅವನು ಮಾತು ಹುಡುಕಿದ, ತುಟಿ ಅಲ್ಲಾಡಿತು, ಬಂದದ್ದು ರಕ್ತ. ಬಲಗಡೆಯ ಕಲ್ಲುಗಳು ಬಿದ್ದಾಗ ಹಸಿ ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಮೀಸೆ ಒಂದು ಕಡೆ, ಮುಖ ಇನ್ನೊಂದು ಕಡೆ.

ಆಮೇಲೆ ಎಲ್ಲರೂ ಸಾಲಾಗಿ ರಂಗ ಹತ್ತಿ ತಮ್ಮ ತಮ್ಮ ಕಲ್ಲು ಹುಡುಕಿಕೊಂಡರು. ಯಾರ ಕಲ್ಲು ಯಾವುದು ಎಂದು ಜಗಳವೇ ಆಗುವುದಿಲ್ಲ, ಹೆತ್ತ ಮಕ್ಕಳ ಹಾಗೆ ಗುರುತು ಸಿಗುತ್ತವೆ. ಕೆರೆಯಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಮನೆಗೆ ಒಯ್ದು ಒಲೆಯ ಪಕ್ಕ ಇಟ್ಟರು. ನಾನು ಏಳು ಕೊಡ ನೀರು ಹೊಯ್ದು ರಂಗ ತೊಳೆದೆ. ತಾಳದಯ್ಯ ನನ್ನ ಟೋಪಿ ಸರಿಮಾಡಿದ.

"ಮೇಲೆ ಹೋಗಿ ಸಾಯೋನು ಇಲ್ಲೇ ಸತ್ತ. ಒಳ್ಳೇ ಕೆಲಸ ಮಾಡ್ದೆ ಮಗಳೇ. ತಗೋ."

ಲಾಡು ಕೊಟ್ಟ. ತಿಂದೆ. ಸಿಹಿಯಾಗಿಯೇ ಇತ್ತು.

ಎರಡನೆಯವನು ಮಂತ್ರಿವೇಷದವನು. ಅವನ ಸಿಂಹಾಸನದ ಕಾಲು ಗರಗಸದಲ್ಲಿ ಅರ್ಧ ಕೊಯ್ದಿದ್ದೆ. ಅವನು ಮೂರನೇ ದಿನಕ್ಕೇ ಮುಗಿದ. ಆ ಸಲದ ಲಾಡು ನಾನು ನಾಯಿಗೆ ಹಾಕಿದೆ. ನಾಯಿ ಮೂಸಿ ನೋಡಿ ಬಿಟ್ಟು ಹೋಯಿತು.

ಮೂರನೆಯವಳು ನಮ್ಮಕ್ಕ.

ಯಾರೂ ಅವಳನ್ನು ಕರೆಯಲಿಲ್ಲ, ಅವಳೇ ಹೋಗಿ ನಿಂತಳು. ಹನ್ನೆರಡು ವರ್ಷದ ಹಿಂದೆ ಮೇಲೆ ಹೋದದ್ದು ನಮ್ಮವ್ವ. ನನಗೆ ಆಗ ನಾಲ್ಕು, ಅಕ್ಕನಿಗೆ ಒಂಬತ್ತು. ಅವ್ವ ಎರಡು ಪೆಟ್ಟು ಹೊಡೆದದ್ದು ಊರಿಗೆಲ್ಲ ಕೇಳಿಸಿತಂತೆ. ಮೂರನೆಯದು ಕೇಳಿಸಲಿಲ್ಲ, ಆಕಾಶ ಪೂರ್ತಿ ಏಳಲೇ ಇಲ್ಲ. ಆಮೇಲೆ ಕೊಂಬಿನಲ್ಲಿ ಒಂದೇ ಮಾತು, "ಯಾರಲ್ಲಿ? ಯಾರಲ್ಲಿ?" ಮಾತು ನಿಂತಿದ್ದರೆ ತಾಳ ಕುಟ್ಟಬಹುದಿತ್ತು. ನಿಲ್ಲಲಿಲ್ಲ, ಸಣ್ಣದಾಗುತ್ತಾ ಹೋಯಿತು, ಸೊಳ್ಳೆಯಷ್ಟಾಯಿತು, ಆಮೇಲೆ ಸೊಳ್ಳೆಯೇ ಇರಬೇಕು ಎಂದು ಜನ ಎದ್ದು ಮನೆಗೆ ಹೋದರು. ಅವ್ವ ಮಾತು ಮರೆತಳು ಎಂದು ಊರು ತೀರ್ಮಾನಿಸಿತು.

"ಅವ್ವ ಬಿಟ್ಟ ಪೆಟ್ಟು ನಾನು ಹೊಡೀಬೇಕು," ಅಂದಳು ಅಕ್ಕ. "ನೀನು ನಿನ್ನ ಕೆಲಸ ಮಾಡು. ಕರುಣೆ ಗಿರುಣೆ ಅಂತ ಬಂದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ."

ಅವಳು ಮೊದಲೇ ತಯಾರಾಗಿದ್ದಳು. ತಲೆಕೆಳಗಾಗಿ ಹಗ್ಗಕ್ಕೆ ನೇತುಹಾಕಿಸಿಕೊಂಡು ಮೂರೂ ಅಂಕ ಹೇಳುತ್ತಿದ್ದಳು. ಹಂಡೆಯೊಳಗೆ ಕೂತು, ಮುಚ್ಚಳ ಹಾಕಿಸಿಕೊಂಡು, ಒಂದು ಉಸಿರನ್ನು ನಾಲ್ಕು ಮಾತಿಗೆ ಹಂಚುತ್ತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸುಣ್ಣದ ಗುರುತಿನಿಂದ ಗುರುತಿಗೆ ನಡೆಯುತ್ತಿದ್ದಳು, ಯಾಕೆಂದರೆ ನಮ್ಮ ರಂಗ ಸೂರ್ಯನ ಎದುರಿಗಿದೆ, ನೋಡುವವರು ಆಟದವರಿಗೆ ಕಾಣುವುದಿಲ್ಲ. ಮೇಲೆಯೂ ಕಾಣುವುದಿಲ್ಲ. ಕಾಣದವರ ಎದುರು ಆಡುವುದೇ ಎರಡೂ ಕಡೆಯ ವಿದ್ಯೆ.

ಆಟದ ಹಿಂದಿನ ದಿನ ಕಲ್ಲಜ್ಜಿ ಎಳ್ಳುಂಡೆ ಹಿಡಿದು ನಮ್ಮ ಮನೆಗೆ ಬಂದಳು. ಎಡಗಡೆಯ ಮೊದಲ ಸಾಲಿನ ಮುದುಕಿ. ಅವಳ ಕಲ್ಲು ಕರಿಕಲ್ಲು, ನಡುವೆ ಬಿಳಿ ಗೆರೆ. ಅದಕ್ಕೆ ಕರಿಯ ಎಂದು ಹೆಸರಿಟ್ಟಿದ್ದಳು.

"ನಿಮ್ಮಕ್ಕನ ಮೇಲೆ ಎಸೆಯಲ್ಲ ಅಂತ ಹೇಳಕ್ಕಾಗಲ್ಲ ಕಣೇ," ಅಂದಳು, ಎಳ್ಳುಂಡೆ ನನ್ನ ಬಾಯಿಗೆ ತುರುಕುತ್ತಾ. "ಕೈ ನನ್ನ ಮಾತು ಕೇಳಲ್ಲ. ಮೂರನೇ ತಾಳ ಬಿತ್ತು ಅಂದ್ರೆ ಅದೇ ಎದ್ದುಬಿಡುತ್ತೆ. ನಾನು ಆಮೇಲೆ ನೋಡೋದು, ಯಾರಿಗೆ ಬಿತ್ತು ಅಂತ."

"ಅಜ್ಜಿ, ಒಂದ್ಸಲ ಗುರಿ ತಪ್ಪಿಸಿ ನೋಡು. ಏನಾಗುತ್ತೆ?"

"ಗುರಿ ತಪ್ಸೋದಾ? ಅರವತ್ತು ವರ್ಷ ಆಯ್ತು, ಕರಿಯ ಒಂದು ದಿನಾನೂ ತಪ್ಪಿಲ್ಲ. ಮುದುಕಿ ಮರ್ಯಾದೆ ಕಳೀಬೇಡ ಹೋಗು."

ಮೊದಲ ಮಧ್ಯಾಹ್ನ ಅಕ್ಕನ ಕಿರೀಟದಲ್ಲಿ ಕೆಂಜಿಗ. ಕಿವಿಯಿಂದ ರಕ್ತ ಇಳಿಯಿತು, ಮಾತು ಇಳಿಯಲಿಲ್ಲ. ಅವಳು ಕುಡಿಯುವ ಚೊಂಬಿನಲ್ಲಿ ಕಪ್ಪೆ ಬಿಟ್ಟೆ. ಅದು ಬಾಯಿಗೇ ಹಾರಿತು. ಅದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡು, "ಈತನೂ ನಮ್ಮ ಪ್ರಜೆಯೇ, ಭೂಮಿ ಕೊಟ್ಟು ಕಳಿಸಿ" ಅಂದಳು. ಎಡವೂ ನಕ್ಕಿತು, ಬಲವೂ ನಕ್ಕಿತು. ಸುತ್ತಿಗೆಯ ಹಿಡಿ ತೆಗೆದು ಕಬ್ಬಿನ ಜಲ್ಲೆ ಸಿಕ್ಕಿಸಿದ ದಿನ ಅದು ಮೊದಲ ಪೆಟ್ಟಿಗೇ ಮುರಿಯಿತು. ಉಳಿದೆರಡು ಪೆಟ್ಟು ಮುಷ್ಟಿಯಿಂದ ಹೊಡೆದಳು, ರಾಕ್ಷಸನ ಮರದ ಹಣೆ ಬಿರುಕುಬಿಟ್ಟಿತು, ಅವಳ ಗೆಣ್ಣುಗಳೂ. ಪರದೆಗೆ ಬೆಂಕಿ ಹಚ್ಚಿದೆ. "ಇವತ್ತು ಸಂಜೆ ಬೇಗ ಕೆಂಪಾಯಿತು" ಅಂದು ಮುಂದಿನ ಮಾತಿಗೆ ಹೋದಳು. ಐದನೇ ದಿನ ಸುಣ್ಣದ ಗುರುತಿಗೆ ಎಣ್ಣೆ ಸುರಿದೆ. ಬಿದ್ದಳು. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಎರಡು ತಾಳ ಆಯಿತು. "ರಾಣಿಯಾದವಳು ಮಲಗಿಯೂ ಆಳುತ್ತಾಳೆ," ಅಂದು ಮೂರನೇ ಅಂಕವನ್ನು ಮಲಗಿಯೇ ಮುಗಿಸಿದಳು.

ಆರನೇ ದಿನ ನಾನು ಏನೂ ಮಾಡಲಿಲ್ಲ. ಕೈ ಬರಲಿಲ್ಲ.

ಆಟ ಮುಗಿದ ಮೇಲೆ ಬಣ್ಣದಮ್ಮ ಅಕ್ಕನ ಮುಖ ಒರೆಸುತ್ತಿದ್ದಳು. ಬಣ್ಣ ಹಚ್ಚುವುದು, ಬಟ್ಟೆ ಹೊಲಿಯುವುದು, ಮುರಿದದ್ದಕ್ಕೆ ಪಟ್ಟಿ ಕಟ್ಟುವುದು, ಮೂರೂ ಅವಳದೇ. ಅಕ್ಕ ಅರ್ಧ ಒರೆಸಿದ ಮುಖದಲ್ಲೇ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು.

"ಇವತ್ತು ಏನಿತ್ತೇ?"

"ಏನೂ ಇರಲಿಲ್ಲ."

"ಅದೇ ಕೇಳ್ತಿರೋದು. ಯಾಕಿರಲಿಲ್ಲ? ಇಡೀ ಆಟ ಈಗ ಬರುತ್ತೆ ಈಗ ಬರುತ್ತೆ ಅಂತ ಕಾದೆ. ಮೇಲೆ ಹೋದ್ಮೇಲೆ ಆಕಾಶ ನಂಗೆ ತಂಗಿ ಆಗುತ್ತೇನೇ, ಪಾಪ ಅನ್ನಕ್ಕೆ?"

"ಸುಮ್ನಿರು ತಾಯಿ, ಪಟ್ಟಿ ಬಿಚ್ಕೊಳುತ್ತೆ," ಅಂದಳು ಬಣ್ಣದಮ್ಮ.

"ಬಿಚ್ಕೊಳ್ಳಿ. ನಾಳೆ ಕೊನೇ ದಿನ. ಎಲ್ಲಕ್ಕಿಂತ ಕೆಟ್ಟದ್ದು ಏನಿದೆಯೋ ಅದು ಬೇಕು ನಂಗೆ. ಗೊತ್ತಾಯ್ತಾ, ಕತ್ತೆ?"

ಎಲ್ಲಕ್ಕಿಂತ ಕೆಟ್ಟದ್ದು ಏನು ಎಂದು ನನಗೆ ಗೊತ್ತಿರಲಿಲ್ಲ. ಕೇಳೋಣವೆಂದು ಮುದಿ ಕೋಡಂಗಿಯ ಹತ್ತಿರ ಹೋದೆ. ಅವ್ವನ ಕಾಲದಲ್ಲಿ ಗಂಟೆಯ ಟೋಪಿ ಅವನ ತಲೆಯ ಮೇಲಿತ್ತು. ಈಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ಅವ್ವ ಮೇಲೆ ಹೋದ ದಿನದಿಂದ ಹೀಗೇ.

"ತಾತ, ಮೇಲೆ ಎಲ್ಲಕ್ಕಿಂತ ಕೆಟ್ಟದ್ದು ಏನು? ಬೆಂಕಿನಾ? ಬೀಳೋದಾ?"

ಅವನು ಗೋಡೆಗೇ ಹೇಳಿದ.

"ನಾನು ಕೂಗಿದ್ದೆ ಕಣೇ. ಕೊಂಬಿಗೆ ಬಾಯಿಟ್ಟು ಇಡೀ ದಿನ ಕೂಗಿದ್ದೆ. ಇಲ್ಲೇ ಇದ್ದೇನೆ, ಇಲ್ಲೇ ಇದ್ದೇನೆ ಅಂತ. ನಿಮ್ಮವ್ವನಿಗೆ ಕೇಳಿಸಲಿಲ್ಲ. ಮೇಲಿನ ಮಾತು ಕೆಳಗೆ ಬರುತ್ತೆ. ಕೆಳಗಿನದು ಮೇಲೆ ಹೋಗಲ್ಲ."

"ಯಾರಿಗೆ ಗೊತ್ತು ಇದು?"

"ತಾಳದಯ್ಯಂಗೆ ಗೊತ್ತು. ನಂಗೆ ಗೊತ್ತು. ಮೇಲೆ ಹೋದವರಿಗೆ ಗೊತ್ತು."

ನಾನು ಎದ್ದೆ. ಅವನು ಹೊರಳದೆಯೇ ನನ್ನ ಲಂಗದ ಅಂಚು ಹಿಡಿದ.

"ಅಕ್ಕಂಗೆ ಹೇಳಕ್ಕೆ ಹೊರಟ್ಯಾ? ಹೇಳು, ಏನಾಗುತ್ತೆ? ಗೊತ್ತು ಅಂತ ಹೋಗ್ತಾಳೆ. ಅಲ್ಲಿ ಕೂಗ್ತಾಳೆ, ಉತ್ತರ ಬರಲ್ಲ, ಗೊತ್ತಿದ್ರೂ ನಡುಗ್ತಾಳೆ. ಗೊತ್ತಿರೋದು ಬೇರೆ, ಮೈಗೆ ಬರೋದು ಬೇರೆ. ಕೆಂಜಿಗ ಕಚ್ಚುತ್ತೆ ಅಂತ ರಾಜವೇಷದವನಿಗೆ ಗೊತ್ತಿರಲಿಲ್ವಾ?"

ಹಿಡಿದ ಅಂಚು ಬಿಟ್ಟ. ಮನೆಗೆ ಬರುವ ದಾರಿಯಲ್ಲಿ ಕಾಗೆಯೊಂದು ನನ್ನ ತಲೆಗೆ ತಗುಲಿ ಹೋಯಿತು. ಆಕಾಶ ಅಷ್ಟು ಕೆಳಗಿತ್ತು.

ಏಳನೇ ಮಧ್ಯಾಹ್ನ. ಎಡಗಡೆ ತುಂಬಿತು, ಬಲಗಡೆ ತುಂಬಿತು. ಕಲ್ಲು ಮಡಿಲಲ್ಲಿ, ಕೈ ಕಲ್ಲಿನ ಮೇಲೆ. ಅಕ್ಕ ಮೊದಲನೇ ಅಂಕ ಆಡಿದಳು. ಕಿರೀಟ ಮುಟ್ಟಿ ನೋಡಿಕೊಂಡಳು, ಇರುವೆ ಇರಲಿಲ್ಲ. ಗುರುತು ತುಳಿದು ನೋಡಿದಳು, ಎಣ್ಣೆ ಇರಲಿಲ್ಲ. ನನ್ನ ಕಡೆ ಕೆಕ್ಕರಿಸಿದಳು. ಎರಡನೇ ಅಂಕ. ಸುತ್ತಿಗೆ ಎತ್ತಿಕೊಂಡಳು, ಹಿಡಿ ಗಟ್ಟಿಯಾಗಿತ್ತು. ರಾಕ್ಷಸನ ಎದುರು ನಿಂತು ಕೂಗಿದಳು.

"ಯಾರಲ್ಲಿ?"

ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಠಣ್.

ಜನ ನಕ್ಕರು. ಮಾತು ಬರುವ ಮೊದಲೇ ನಗುವ ಅಭ್ಯಾಸ. ನಗು ಅರ್ಧಕ್ಕೆ ನಿಂತಿತು. ಕೋಡಂಗಿಯ ಬಾಯಿ ನಿಂತದ್ದನ್ನು ನಮ್ಮೂರು ಯಾವತ್ತೂ ನೋಡಿರಲಿಲ್ಲ.

ಠಣ್.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡದ ಹಾಗೆ "ಹೇಳೇ, ಹೇಳೇ ಕತ್ತೆ," ಅಂದಳು. ನಾನು ಅವಳ ಮುಖ ನೋಡಲಿಲ್ಲ, ಅವಳ ಹೆಬ್ಬೆರಳು ನೋಡಿದೆ. ಅದು ಗುರುತಿನ ಮೇಲೆ ನಡುಗುತ್ತಿತ್ತು.

ಠಣ್.

ಮೊದಲು ಬಂದದ್ದು ಕರಿಯ. ಬಿಳಿ ಗೆರೆ ಗಿರಗಿರ ತಿರುಗುತ್ತಾ ಬರುವುದು ಚೆನ್ನಾಗಿ ಕಾಣಿಸಿತು. ದವಡೆಗೆ ಬಿತ್ತು. ಬಾಯಿತುಂಬ ಹುಣಸೆಬೀಜ ಹಾಕಿಕೊಂಡ ಹಾಗಾಯಿತು, ಹಲ್ಲುಗಳು. ಆಮೇಲೆ ಬಂದವನ್ನು ನಾನು ನೋಡಿಲ್ಲ. ಭುಜಕ್ಕೆ, ಎದೆಗೆ, ಮಂಡಿಗೆ, ನೆತ್ತಿಗೆ. ಟೋಪಿಯ ಗಂಟೆಗಳು ಒಂದೊಂದೇ ಹಾರಿದವು, ಹಾರುವಾಗಲೂ ಗಣಗಣ ಅಂದವು. ಬಿದ್ದಲ್ಲಿಂದ ಕಂಡದ್ದು ಅಕ್ಕನ ಪಾದ ಮಾತ್ರ. ಪಾದ ಗುರುತು ಬಿಟ್ಟು ನನ್ನ ಕಡೆ ಅರ್ಧ ಹೆಜ್ಜೆ ಎತ್ತಿತು.

ತಾಳದಯ್ಯ ಎರಡನೇ ಸುತ್ತು ಶುರುಮಾಡಿದ. ಠಣ್. ಬಲಗಡೆಯವರ ಕೈ ಮೇಲೆದ್ದಿತು. ಠಣ್.

ಎತ್ತಿದ ಪಾದ ಮತ್ತೆ ಗುರುತಿನ ಮೇಲೆ ಇಳಿಯಿತು. ನಡುಕ ನಿಂತಿತ್ತು.

"ಇಲ್ಲೇ ಇದ್ದೇನೆ, ನಿಮ್ಮ ಕತ್ತೆ."

ಅದು ನನ್ನ ದನಿಯೇ. ನನ್ನ ಎಳೆತವೇ, ನನ್ನ ಮೂಗೇ. ಹೇಳಿದ್ದು ಅಕ್ಕ. ತಾನೇ ಕೂಗಿ, ತಾನೇ ಓಗೊಟ್ಟು, ತಾನೇ ಮುಂದಿನ ಮಾತಿಗೆ ಹೋದಳು. ನಾನು ರಕ್ತದ ಮಡುವಿನಲ್ಲಿ ಬಿದ್ದಿದ್ದೆ, ಅವಳು ನನ್ನನ್ನು ದಾಟಿಕೊಂಡು ರಾಕ್ಷಸನಿಗೆ ಮೂರು ಪೆಟ್ಟು ಹೊಡೆದಳು. ನನ್ನನ್ನು ದಾಟಿಕೊಂಡೇ ಸಿಂಹಾಸನ ಇಳಿದಳು. ಬಲಗಡೆಯ ಕಲ್ಲುಗಳು ಮಡಿಲಲ್ಲೇ ಉಳಿದವು. ಅಲ್ಲಿಂದ ಮುಂದಿನದನ್ನೆಲ್ಲ ನಾನು ಕೇಳಿದ್ದು ನೆಲಕ್ಕೆ ಕಿವಿಯಿಟ್ಟು, ಆದರೂ ಅಷ್ಟು ಒಳ್ಳೆಯ ಆಟ ನಾನು ಕೇಳಿಲ್ಲ.

ಬಣ್ಣದಮ್ಮ ನನ್ನ ದವಡೆಯನ್ನು ತಲೆಗೆ ಸೇರಿಸಿ ಬಟ್ಟೆ ಕಟ್ಟಿದಳು, ಹೆಣಕ್ಕೆ ಕಟ್ಟುವ ಹಾಗೆ. ಅಕ್ಕ ಪಕ್ಕದಲ್ಲಿ ಕೂತು ನನ್ನ ಹಲ್ಲುಗಳನ್ನು ಒಂದು ಕವಡೆಯ ಡಬ್ಬಿಗೆ ಹಾಕುತ್ತಿದ್ದಳು.

"ಮೇಲಕ್ಕೆ ಕೇಳಲ್ಲ, ಅಲ್ವಾ?" ಅಂದಳು.

ನಾನು ತಲೆ ಆಡಿಸಿದೆ.

"ಅವ್ವಂಗೂ ಕೇಳಿಸಿರಲಿಲ್ಲ."

ಮತ್ತೆ ಆಡಿಸಿದೆ. ಅಕ್ಕ ಡಬ್ಬಿ ಮುಚ್ಚಿದಳು. ಬಹಳ ಹೊತ್ತು ಅದನ್ನು ಅಲ್ಲಾಡಿಸುತ್ತಾ ಕೂತಿದ್ದಳು, ಮಗುವಿನ ಗಿಲಕಿಯ ಹಾಗೆ.

"ನಾಳೆ ಕೊಂಬಿನ ಹೊಟ್ಟೆ ಕೆಳಗೆ ಕೂತ್ಕೋ. ಮೂರನೇ ಅಂಕ ಮುಗಿಯೋವರೆಗೂ ಹೊರಗೆ ತಲೆ ಹಾಕ್ಬೇಡ. ಏನೇ ಆಗ್ಲಿ. ಯಾಕೆ ಅಂತ ಕೇಳ್ಬೇಡ."

ಕೇಳಲು ಬಾಯಿ ಎಲ್ಲಿತ್ತು.

ಎಂಟನೇ ಮಧ್ಯಾಹ್ನ ಬಣ್ಣದಮ್ಮ ಅಕ್ಕನ ಮುಖಕ್ಕೆ ಬಣ್ಣ ಹಚ್ಚಿದಳು. ಬಣ್ಣ ಹಚ್ಚಿದರೆ ಬೆವರು ಕಾಣುವುದಿಲ್ಲ, ಬೆವರು ಕಾಣದಿದ್ದರೆ ಭಯ ಬರುವುದಿಲ್ಲ ಎಂದು ಅವಳ ನಂಬಿಕೆ. ಅದೇ ಬಣ್ಣ, ಅದೇ ಬಟ್ಟೆ ತೊಟ್ಟು ಪಕ್ಕದಲ್ಲಿ ಬದಲಿಯವಳು ನಿಂತಿದ್ದಳು, ಅಕ್ಕ ಹತ್ತದಿದ್ದರೆ ತಾನು ಹತ್ತಲು. ರಂಗದ ಪರದೆಯನ್ನು ಬಿಚ್ಚಿ ಹಂಡೆಯ ನಾಲ್ಕು ಕಿವಿಗೆ ಕಟ್ಟಿದರು. ಇಳಿಯುವಾಗ ಅದು ಬಿಚ್ಚಿಕೊಂಡು ಗಾಳಿ ಹಿಡಿಯಬೇಕು. ಪರದೆ ಬಿದ್ದರೆ ಆಟ ಮುಗಿಯಿತು ಎಂದರ್ಥ, ಎರಡೂ ಕಡೆ. ತಾಳದಯ್ಯ ಗಂಟೆ ಬಾರಿಸಿದ. ಮೊದಲನೇ ಗಂಟೆಗೆ ಮಾತು ನಿಂತಿತು. ಎರಡನೇ ಗಂಟೆಗೆ ಉಸಿರು ನಿಂತಿತು. ಮೂರನೇ ಗಂಟೆಗೆ ಹಂಡೆಯ ತಳದಲ್ಲಿ ಬೆಂಕಿ ಎದ್ದಿತು.

ಹತ್ತಿರ ನಿಂತಿದ್ದ ಇಬ್ಬರು ಮದ್ದಿನವರು ಸುಟ್ಟು ಕರಕಲಾದರು. ಪ್ರತಿ ಸಲ ಇಬ್ಬರು ಸುಡುತ್ತಾರೆ, ಅದು ಮಾಮೂಲು. ಹಂಡೆ ಕಣ್ಣಿಗೆ ಕಾಣದಷ್ಟಾಯಿತು. ಬದಲಿಯವಳು ಅಲ್ಲೇ ಕೂತು ಬಣ್ಣದ ಮೇಲೆಯೇ ಅತ್ತಳು. ಊರು ಕೊಂಬಿನ ಸುತ್ತ ಕೂತಿತು. ಎಡಗಡೆ, ಬಲಗಡೆ. ಕಲ್ಲು ಮಡಿಲಲ್ಲಿ, ಕೈ ಕಲ್ಲಿನ ಮೇಲೆ. ನಾನು ಕೊಂಬಿನ ಹೊಟ್ಟೆಯ ಕೆಳಗೆ ತೆವಳಿ ಹೋಗಿ ಕೂತೆ.

ಕೊಂಬು ಗುಂಯ್ ಅಂದಿತು.

"ಯಾರಲ್ಲಿ?" ಅಕ್ಕನ ದನಿ, ಬಾವಿಯೊಳಗಿನಿಂದ ಬಂದ ಹಾಗೆ. ಕೂಡಲೇ ನನ್ನ ದನಿ, ಅಲ್ಲಿಂದಲೇ, "ಇಲ್ಲೇ ಇದ್ದೇನೆ, ನಿಮ್ಮ ಕತ್ತೆ." ಜನ ನಕ್ಕರು. ಮೊದಲನೇ ಅಂಕ ಮುಗಿಯಿತು. ಎರಡನೆಯದು ಹಾಗೇ ಶುರುವಾಯಿತು. ಆಮೇಲೆ ಪೆಟ್ಟು. ಒಂದು. ಕೆರೆಯ ನೀರು ನಡುಗಿತು. ಎರಡು. ಒಲೆಗಳ ಹೊಗೆ ಮಾಡಿನಿಂದ ಹೊರಬಿತ್ತು. ಅವ್ವ ಇಲ್ಲಿಗೇ ನಿಂತಿದ್ದಳು.

ಮೂರು.

ಆಕಾಶ ಒಮ್ಮೆಲೇ ಎದ್ದುಹೋಯಿತು. ಹನ್ನೆರಡು ವರ್ಷದಿಂದ ಮಾಡಿನ ಮೇಲೆ ಕುಪ್ಪಳಿಸುತ್ತಿದ್ದ ಕಾಗೆಗಳು ಏನಾಯಿತೆಂದು ತಿಳಿಯದೆ ಮೇಲೆ ಮೇಲೆ ಹೋದವು. ಉದ್ದದವರು ನೆತ್ತಿ ಸವರಿಕೊಂಡರು.

"ಯಾರಲ್ಲಿ?" ಮೂರನೇ ಅಂಕ. ಇನ್ನು ಇಳಿಯುವುದೊಂದೇ.

ಉತ್ತರ ಬರಲಿಲ್ಲ.

ಸುತ್ತಿಗೆ ಜಾರಿತೋ, ಉಸಿರು ಮುಗಿಯಿತೋ, ಅವ್ವನ ಹಾಗೆ ಕಿವಿಗೊಟ್ಟು ಕೂತಳೋ. ನಾನು ಕೊಂಬಿನ ಕೆಳಗಿನಿಂದ ಕೂಗಬೇಕೆಂದು ಹೊರಟೆ, ದವಡೆ ಬಟ್ಟೆಯೊಳಗೆ ಕರಕರ ಅಂದಿತು. ಕೂಗಿದರೂ ಮೇಲೆ ಹೋಗುತ್ತಿರಲಿಲ್ಲ.

ಠಣ್.

ಹೊರಗೆ ಓಡಬೇಕೆನಿಸಿತು. ತಲೆ ಹೊರಗೆ ಹಾಕಬೇಡ ಅಂದಿದ್ದಳು.

ಠಣ್.

ತಾಳದಯ್ಯ ಏನು ಮಾಡುತ್ತಿದ್ದೇನೆ ಎಂದು ಯೋಚಿಸಿರಲಿಕ್ಕಿಲ್ಲ. ಮಾತು ನಿಂತಿತು, ಕೈ ಕುಟ್ಟಿತು. ಜನವೂ ಯೋಚಿಸಿರಲಿಕ್ಕಿಲ್ಲ. ಮೂರನೇ ತಾಳ ಬಿದ್ದರೆ ಕೈ ತಾನೇ ಎದ್ದುಬಿಡುತ್ತದೆ.

ಠಣ್.

ಎಡ ಬಲ ಎಂದು ಯಾರೂ ನೋಡಲಿಲ್ಲ. ಮಾತು ನಿಲ್ಲಿಸಿದವಳು ಅಷ್ಟು ಎತ್ತರದಲ್ಲಿದ್ದಳು, ಅದಕ್ಕೆ ತಕ್ಕಂತೆ ಊರೆಲ್ಲ ಎದ್ದು ನಿಂತು ಮೈಯ ಬಲವನ್ನೆಲ್ಲ ತೋಳಿಗೆ ತಂದು ಆಕಾಶಕ್ಕೆ ಎಸೆಯಿತು. ಕಲ್ಲುಗಳು ಗುಬ್ಬಚ್ಚಿ ಹಿಂಡಿನ ಹಾಗೆ ಹೋದವು. ಚುಕ್ಕಿಗಳಾದವು. ಅಲ್ಲೇ ಒಂದು ಗಳಿಗೆ ನಿಂತವು. ಜನ ಬಾಯಿ ತೆರೆದು ನೋಡುತ್ತಿದ್ದರು, ಅಕ್ಕನಿಗೆ ತಗುಲಿತೇ ಎಂದು.

ಆಮೇಲೆ ಚುಕ್ಕಿಗಳು ದೊಡ್ಡದಾದವು.

ಕೊಂಬಿನ ಬೆನ್ನಿನ ಮೇಲೆ ಕಲ್ಲು ಬಿದ್ದ ಸದ್ದಿಗೆ ನನ್ನ ಕಿವಿಯಿಂದ ರಕ್ತ ಬಂತು. ಹೊರಗೆ ನೋಡಬಾರದಿತ್ತು, ನೋಡಿದೆ. ತಲೆಗಳು ಒಡೆಯುತ್ತಿದ್ದವು. ಮುಂಗೈಗಳು ಮುರಿಯುತ್ತಿದ್ದವು. ಗಂಡನ ಕಲ್ಲು ಹೆಂಡತಿಗೆ, ಅಣ್ಣನ ಕಲ್ಲು ತಮ್ಮನಿಗೆ, ಓಡಿದವರಿಗೆ ಬೆನ್ನಿಗೆ, ಕೂತವರಿಗೆ ಕತ್ತಿಗೆ. ಮುಖ ಮೇಲೆತ್ತಿ ನಿಂತವರಿಗೆ ಮುಖವೇ ಉಳಿಯಲಿಲ್ಲ. ತಾಳದಯ್ಯನ ಬೆರಳುಗಳು ತಾಳದ ನಡುವೆ ಜಜ್ಜಿಹೋದವು. ಕಲ್ಲಜ್ಜಿ ಮಾತ್ರ ಅಲ್ಲಾಡದೆ, ಕಣ್ಣಿಗೆ ಕೈ ಅಡ್ಡ ಹಿಡಿದು, ತನ್ನ ಕರಿಯ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಳು. ಸಿಕ್ಕಿತು. ಅವಳ ಗುರಿ ಆವತ್ತೂ ತಪ್ಪಲಿಲ್ಲ.

ಕೊನೆಯ ಕಲ್ಲು ಬಿದ್ದು ಉರುಳಿ ನಿಂತ ಮೇಲೆ ಕೊಂಬಿನೊಳಗೆ ಯಾರೋ ಕಿಸಕ್ಕೆಂದ ಹಾಗಾಯಿತು.

"ಇಲ್ಲೇ ಇದ್ದೇನೆ, ನಿಮ್ಮ ಕತ್ತೆ," ಅಂದಿತು ಮೇಲಿನಿಂದ ನನ್ನ ದನಿ. ಮೂರನೇ ಅಂಕ ಮುಂದುವರಿಯಿತು. ಕೇಳಲು ನಿಂತವರು ಕಡಿಮೆ ಇದ್ದರು.

ಹಂಡೆ ಇಳಿಯಿತು. ಸುಟ್ಟ ತೂತುಗಳಿದ್ದ ಪರದೆ ಅರಳಿಕೊಂಡು, ಓಲಾಡುತ್ತಾ, ಬಯಲಿನ ನಡುವೆ ಬಿದ್ದು, ಹಂಡೆಯನ್ನೂ ಹತ್ತಾರು ಹೆಣಗಳನ್ನೂ ಒಟ್ಟಿಗೇ ಮುಚ್ಚಿತು. ಅದರ ಕೆಳಗಿನಿಂದ ಅಕ್ಕ ತೆವಳಿ ಬಂದಳು. ಮೇಲೆ ಹೋಗಿ ಬಂದವರಿಗೆ ನೆಲ ಹೊಸದು, ಬಣ್ಣ ತೊಳೆದುಕೊಂಡ ಆಟದವರಿಗೆ ಸ್ವಂತ ಮನೆ ಹೊಸದಾಗುವ ಹಾಗೆ. ಎರಡು ಸಲ ಬಿದ್ದಳು. ಮೂರನೇ ಸಲ ಹಂಡೆಯ ಕಂಠ ಹಿಡಿದು ನಿಂತಳು. ಬದುಕಿ ಉಳಿದವರು ಒಡೆದ ತಲೆ ಹಿಡಿದುಕೊಂಡು ಅವಳನ್ನು ನೋಡಿದರು. ಅವರ ಮಡಿಲು ಖಾಲಿಯಿತ್ತು. ಕಲ್ಲುಗಳೆಲ್ಲ ಕಾಲಿನ ಹತ್ತಿರವೇ ಬಿದ್ದಿದ್ದವು, ಬಗ್ಗಿದರೆ ಸಿಗುವ ಹಾಗೆ.

ಸಿಂಹಾಸನ ಇಳಿದ ಮೇಲೆ ರಾಣಿ ಕೊನೆಗೊಮ್ಮೆ ಕೂಗಬೇಕು. ಆಟ ಮುಗಿಯುವುದು ಹಾಗೆ.

"ಯಾರಲ್ಲಿ?" ಅಂದಳು ಅಕ್ಕ.

ಅಂದು ಕಾದಳು. ಈ ಸಲ ನನ್ನ ದನಿ ತಾನು ತೆಗೆಯಲಿಲ್ಲ.

ತಾಳದಯ್ಯ ಬೆರಳಿಲ್ಲದ ಕೈ ನೋಡಿಕೊಂಡ. ತಾಳ ಬೀಳಲಿಲ್ಲ. ಒಬ್ಬ ಗಂಡಸು ಕಾಲ ಬುಡದ ಕಲ್ಲಿನ ಕಡೆ ನೋಡಿದ, ಆಮೇಲೆ ಆಕಾಶದ ಕಡೆ ನೋಡಿದ, ಬಗ್ಗಲಿಲ್ಲ. ನಾನು ಕೊಂಬಿನ ಕೆಳಗಿನಿಂದ ಹೊರಗೆ ಬಂದು ದವಡೆಯ ಬಟ್ಟೆ ಬಿಚ್ಚಿದೆ. "ಇಲ್ಲೇ" ಅನ್ನಲು ನಾಲಿಗೆ ಹೊರಳಲಿಲ್ಲ. "ಇದ್ದೇನೆ" ಅನ್ನಲು ಹಲ್ಲಿರಲಿಲ್ಲ. ಎಷ್ಟು ಹೊತ್ತಾಯಿತೋ, ಯಾರೂ ಎಣಿಸುತ್ತಿರಲಿಲ್ಲ, ಅಕ್ಕ ಹಂಡೆ ಹಿಡಿದು ಕಾಯುತ್ತಲೇ ಇದ್ದಳು. ಮಾತಿನಲ್ಲಿ ಉಳಿದದ್ದು ಒಂದೇ, ಅದಕ್ಕೆ ಹಲ್ಲೂ ಬೇಡ, ನಾಲಿಗೆಯೂ ಬೇಡ. ಕತ್ತು ಮೇಲೆತ್ತಿದೆ, ಮುರಿದ ದವಡೆ ಎಷ್ಟು ತೆರೆಯುತ್ತದೋ ಅಷ್ಟು ತೆರೆದೆ, ಹೊಸದಾಗಿ ಎದ್ದ ಆ ಆಕಾಶಕ್ಕೂ ಮುಟ್ಟುವ ಹಾಗೆ ಕತ್ತೆಯೇ ಆಗಿ ಅರಚಿದೆ.